ಕೈ ತೊಳೆಯುವುದು ಹದಿನಾರನೇ ಪುಟದಲ್ಲಿ

ಕಣ್ಣಿನ ಆಸ್ಪತ್ರೆಯ ಲಿಫ್ಟು ನಡೆಸುವ ಲಿಫ್ಟಣ್ಣ ಪರೀಕ್ಷೆಯ ಮಂಚದ ಮೇಲೆ ಅಂಗಾತ ಮಲಗಿದ್ದ. ಎಡಗೈಯಲ್ಲಿ ಗುಂಗಿ ಬರೆದ ಪುಸ್ತಿಕೆ, ಬಲಗೈಯಲ್ಲಿ ಹಸಿರು ಮುಚ್ಚಳದ ಪುಟ್ಟ ಬಾಟಲಿ. ಬಾಟಲಿಯಲ್ಲಿದ್ದದ್ದು ಔಷಧಿಯಲ್ಲ, ಕಾಯಿಸಿ ಆರಿಸಿದ ನೀರು. ಪುಸ್ತಿಕೆಯಲ್ಲಿ ಬರೆದಿದ್ದಂತೆಯೇ ಒಂದೊಂದಾಗಿ ಮಾಡುತ್ತ ಹೋದ. ಲಿಫ್ಟಿನ ಬಾಗಿಲಿಗೆ ಆಗಷ್ಟೇ ಗ್ರೀಸು ಹಚ್ಚಿ ಬಂದಿದ್ದ ಬೆರಳಿನಿಂದ ಕೆಳರೆಪ್ಪೆ ಎಳೆದ, ಒಂದು ಹನಿ ಬಿಟ್ಟುಕೊಂಡ, ಕಣ್ಣು ಮುಚ್ಚಿ ಅರವತ್ತು ಎಣಿಸಿದ, ಎದ್ದು ಕುಳಿತು ಹಾಳೆ ಮಗುಚಿದ.

“‘ಆದರೆ ಇದೆಲ್ಲಕ್ಕೂ ಮೊದಲು,’” ಎಂದು ಗಟ್ಟಿಯಾಗಿ ಓದಿದ, “‘ಎರಡೂ ಕೈಗಳನ್ನು ಸೋಪು ಹಚ್ಚಿ ಚೆನ್ನಾಗಿ ತೊಳೆದುಕೊಂಡಿರಬೇಕು ಎಂಬುದನ್ನು ಮರೆಯಬಾರದು.’ ಏನಮ್ಮ ಇದು! ಕಣ್ಣಿಗೆ ಕೈ ಹಾಕಿದ್ಮೇಲೆ ಹೇಳ್ತೀಯಲ್ಲ! ಮನೆಗೆ ಬೆಂಕಿ ಬಿದ್ಮೇಲೆ ಬಾವಿ ತೋಡು ಅಂದ ಹಾಗಾಯ್ತು.”

ಅವನ ಕೆನ್ನೆಯ ಮೇಲೆ ಕಪ್ಪು ಗ್ರೀಸಿನ ಗೆರೆ ಮೂಡಿತ್ತು. ಮೇಜಿನ ಆಚೆ ಕೂತಿದ್ದ ದೊಡ್ಡ ಸಿಸ್ಟರ್ ನಗಲಿಲ್ಲ. ಪೆನ್ಸಿಲಿನಿಂದ ಮೇಜು ಕುಟ್ಟುವುದನ್ನು ಮಾತ್ರ ನಿಲ್ಲಿಸಿದರು.

“ಎಷ್ಟನೇ ಪುಟ?”

“ಹದಿನಾರು.”

“ಹೋಗಿ ಮುಖ ತೊಳ್ಕೋ,” ಎಂದರು ಅವನಿಗೆ. ಗುಂಗಿಯ ಕಡೆ ತಿರುಗಿ, “ನೀನು ಕೂತ್ಕೋ,” ಎಂದರು.

ಗುಂಗಿ ಕೂತಳು. ಗುಂಗಿ ಎಂಬುದು ಮನೆಯ ಹೆಸರು. ಹೊತ್ತುಹೊತ್ತಿಗೂ ಒಂದಲ್ಲ ಒಂದು ಗುಂಗಿನಲ್ಲಿರುವವಳೆಂದು ಅಜ್ಜಿ ಇಟ್ಟದ್ದು, ಅದು ಹೇಗೋ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿಬಿಟ್ಟಿತ್ತು. ಎರಡು ತಿಂಗಳ ಹಿಂದಿನವರೆಗೆ ಅವಳ ಜಾಗ ಕೆಳಗಿನ ಟೋಕನ್ ಕೌಂಟರು. ಗಾಜಿನಲ್ಲೊಂದು ದುಂಡನೆಯ ತೂತು, ಆ ತೂತಿಗೆ ಬಾಯಿಟ್ಟು ಬೆಳಗಿನಿಂದ ಸಂಜೆಯವರೆಗೆ “ನಲವತ್ತೇಳು! ನಲವತ್ತೇಳು ಯಾರ್ರೀ?” ಎಂದು ಕೂಗುವ ಕೆಲಸ. ಒಂದು ದಿನ ಕಾಯುವ ಕೋಣೆಯ ಫ್ಯಾನು ಕೆಟ್ಟಾಗ ಅವಳು ಒಂದು ಚೀಟಿ ಬರೆದು ಅಂಟಿಸಿದ್ದಳು: ‘ಈ ಫ್ಯಾನಿಗೆ ವಯಸ್ಸಾಗಿದೆ. ನಿಮ್ಮಂತೆಯೇ ಇದೂ ಡಾಕ್ಟರಿಗಾಗಿ ಕಾಯುತ್ತಿದೆ.’ ಜನ ನಿಂತು ಓದಿ ನಕ್ಕರು. ಕಣ್ಣಿನ ಡಾಕ್ಟರೂ ನಕ್ಕರು. ಆ ನಗುವಿನ ಮೇಲೇ ಅವಳು ಮೂರನೇ ಮಹಡಿಯ ಬರವಣಿಗೆ ಕೋಣೆಗೆ ಏರಿದಳು, ಪ್ರಯೋಗಕ್ಕೆಂದು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಹೋಗುವವರ ಕೈಗೆ ಕೊಡುವ ಪುಸ್ತಿಕೆಯನ್ನು ಹೊಸದಾಗಿ ಬರೆಯಬೇಕು. ಚೆನ್ನಾಗಿ ಬಂದರೆ ಅಲ್ಲೇ ಉಳಿಯಬಹುದು. ಬರದಿದ್ದರೆ ಮತ್ತೆ ತೂತು, ಮತ್ತೆ ನಲವತ್ತೇಳು.

ಬರವಣಿಗೆ ಕೋಣೆ ಹಿಂದೆ ಕಣ್ಣು ಪರೀಕ್ಷಿಸುವ ಕೋಣೆಯಾಗಿತ್ತು. ಗೋಡೆಯ ಮೇಲೆ ಅಕ್ಷರಗಳ ಪಟ್ಟಿ ಇನ್ನೂ ನೇತಾಡುತ್ತಿತ್ತು. ಮಂಚವನ್ನೂ ಯಾರೂ ಒಯ್ದಿರಲಿಲ್ಲ. ದೊಡ್ಡ ಸಿಸ್ಟರ್ ಮೂವತ್ತೈದು ವರ್ಷ ವಾರ್ಡು ನೋಡಿ ನಿವೃತ್ತರಾಗಿ, ಮನೆಯಲ್ಲಿ ಕೂರಲಾರದೆ ಮತ್ತೆ ಬಂದು, ಆಸ್ಪತ್ರೆಯ ಕಾಗದಪತ್ರಗಳನ್ನು ತಿದ್ದುವ ಕೆಲಸ ಹಿಡಿದಿದ್ದರು. ಅವರದ್ದೊಂದು ವಿಚಿತ್ರ ಪದ್ಧತಿ. ಕರಡನ್ನು ಅವರು ತಾವಾಗಿ ಓದುತ್ತಿರಲಿಲ್ಲ. ಲಿಫ್ಟಣ್ಣನನ್ನು ಕರೆದು ಕೈಗೆ ಕೊಟ್ಟು, ಒಂದು ಪ್ರಶ್ನೆ ಕೇಳಿ, ಉತ್ತರ ಸಿಗುವವರೆಗೆ ಪೆನ್ಸಿಲಿನಿಂದ ಮೇಜು ಕುಟ್ಟುತ್ತಿದ್ದರು. ಹತ್ತು ಏಟಿನೊಳಗೆ ಸಿಕ್ಕರೆ ಪಾಸು.

“ಅಪಾಯದ ಲಕ್ಷಣ ಎಲ್ಲಿದೆ?” ಎಂದು ಕೇಳಿದರು.

“ಕೊನೇಲಿ, ಸಿಸ್ಟರ್. ಇಪ್ಪತ್ತೆರಡನೇ ಪುಟ.”

“ಯಾಕೆ?”

“ಅದೇ ಎಲ್ಲಕ್ಕಿಂತ ಮುಖ್ಯ ಅಲ್ವಾ, ಅದಕ್ಕೆ. ಕೊನೇಲಿ ಹೇಳಿದ್ದು ಮನಸ್ಸಲ್ಲಿ ನಿಲ್ಲುತ್ತೆ.”

“ಕೊನೆ ತನಕ ಬರೋರು ಯಾರು?”

ಅಜ್ಜಿಯ ಕತೆಗಳಲ್ಲಿ ಕೊನೆ ತನಕ ಬಾರದವರೇ ಇರಲಿಲ್ಲ. ಏಳು ಸಮುದ್ರ, ಏಳು ಬೆಟ್ಟ, ಏಳನೇ ಬೆಟ್ಟದ ಗುಹೆ, ಗುಹೆಯಲ್ಲಿ ಪಂಜರ, ಪಂಜರದಲ್ಲಿ ಗಿಳಿ. ರಾಕ್ಷಸನ ಜೀವ ಎಲ್ಲಿದೆಯೆಂದು ಮೊದಲ ಸಾಲಿನಲ್ಲೇ ಹೇಳಿಬಿಟ್ಟರೆ ಯಾರು ತಾನೇ ಕತೆ ಕೇಳುತ್ತಾರೆ? ಆ ಲೆಕ್ಕದಲ್ಲೇ ಗುಂಗಿ ಪುಸ್ತಿಕೆ ಕಟ್ಟಿದ್ದಳು. ಮೊದಲು ಆಸ್ಪತ್ರೆ ಹುಟ್ಟಿದ ಕತೆ, ಆಮೇಲೆ ಕಣ್ಣಿನ ಕತೆ, ಆಮೇಲೆ ಪೊರೆ ಬೆಳೆದ ಕತೆ, ಶಸ್ತ್ರಚಿಕಿತ್ಸೆ, ಹನಿ, ಕನ್ನಡಕ. ನಡುನಡುವೆ ‘ಆದರೆ ಇದೆಲ್ಲಕ್ಕೂ ಮೊದಲು’ ಎಂಬ ತಿರುವು. ಆ ತಿರುವು ಬರೆದ ದಿನ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು.

“ಸರಿ ಮಾಡ್ಕೊಂಡು ಬಾ,” ಎಂದರು ದೊಡ್ಡ ಸಿಸ್ಟರ್.

ಅವಳು ಸರಿ ಮಾಡಿದಳು. ನಾಲ್ಕು ದಿನ ಕೂತು, ಕಣ್ಣಲ್ಲಿ ಕಣ್ಣಿಟ್ಟು ಒಂದೊಂದೇ ವಾಕ್ಯ ತಿದ್ದಿದಳು. ‘ಚೆನ್ನಾಗಿ ತೊಳೆದುಕೊಂಡಿರಬೇಕು’ ಎಂಬುದು ‘ಶುಭ್ರವಾಗಿ ತೊಳೆದುಕೊಂಡಿರಬೇಕು’ ಆಯಿತು. ಉದ್ದ ವಾಕ್ಯಗಳನ್ನು ಮುರಿದಳು, ಗಿಡ್ಡ ವಾಕ್ಯಗಳನ್ನು ಬೆಸೆದಳು. ಓದಿದರೆ ನೀರು ಕುಡಿದಂತೆ ಇಳಿಯಬೇಕು, ಹಾಗೆ. ಐದನೇ ದಿನ ಹೆಮ್ಮೆಯಿಂದ ತಂದು ಮೇಜಿನ ಮೇಲಿಟ್ಟಳು.

ದೊಡ್ಡ ಸಿಸ್ಟರ್ ಹಾಳೆಗಳನ್ನು ಎತ್ತಿ ಹಿಡಿದು ಪುಟದ ಮೊದಲ ಸಾಲುಗಳನ್ನಷ್ಟೇ ನೋಡುತ್ತ ಸರಸರನೆ ಮಗುಚಿದರು. ಅರ್ಧ ನಿಮಿಷವೂ ಹಿಡಿಯಲಿಲ್ಲ.

“ಗೋಡೆಗೆ ಬಣ್ಣ ಬಳಿದಿದ್ದೀಯ. ಚೆನ್ನಾಗಿದೆ. ಬಾಗಿಲು ಇನ್ನೂ ಹಿತ್ತಲಲ್ಲೇ ಇದೆ.”

“ಸಿಸ್ಟರ್, ನೀವು ಓದ್ಲೇ ಇಲ್ಲ.”

“ಓದೋ ಅಗತ್ಯ ಬೀಳಲಿಲ್ಲ. ನಿನ್ನ ಪೆನ್ನು ಕೊಡು.”

ಕೊಟ್ಟಳು. ಅವರು ಅದನ್ನು ಡ್ರಾಯರಿನೊಳಗೆ ಹಾಕಿ ಬೀಗ ತಿರುಗಿಸಿದರು. ಬದಲಿಗೆ ಬ್ಯಾಂಡೇಜು ಕತ್ತರಿಸುವ ಮೊಂಡು ಮೂಗಿನ ಕತ್ತರಿ, ಒಂದು ಮೋಟು ಪೆನ್ಸಿಲು, ಒಂದು ಖಾಲಿ ಬಿಸ್ಕತ್ತಿನ ಡಬ್ಬಿ ಮುಂದಿಟ್ಟರು.

“ಒಂದೊಂದು ಪ್ಯಾರಾನೂ ಕತ್ತರಿಸು. ಹಿಂದೆ ಒಂದೇ ಒಂದು ಸಾಲು ಬರಿ. ಈ ಚೂರು ಯಾರ ಯಾವ ಪ್ರಶ್ನೆಗೆ ಉತ್ತರ, ಅಂತ. ಪ್ರಶ್ನೆ ಸಿಗದೇ ಇರೋದನ್ನ ಡಬ್ಬಿಗೆ ಹಾಕು. ಎಸೀಬೇಡ, ಡಬ್ಬಿಗೆ ಹಾಕು. ಎಸೀಬೇಕು ಅಂದ್ರೆ ಯಾರಿಗೂ ಮನಸ್ಸು ಬರಲ್ಲ.”

ಎಪ್ಪತ್ತೊಂದು ಚೂರುಗಳಾದವು. ಮಂಚದ ಮೇಲೆ ಬಿಳಿ ಹಾಸು ಹಾಸಿ ಸಾಲಾಗಿ ಮಲಗಿಸಿದಳು. ಬಾಗಿಲಲ್ಲಿ ಇಣುಕಿದ ಲಿಫ್ಟಣ್ಣ, “ರೋಗಿ ಉಳೀತಾರಾ ಸಿಸ್ಟರ್?” ಎಂದ. “ನೋಡೋಣ,” ಎಂದರು ಅವರು.

ಕೆಲಸ ಸುಲಭವಿದೆ ಎಂದುಕೊಂಡಿದ್ದಳು ಗುಂಗಿ. ಆದರೆ ಹಿಂಬದಿಗೆ ಬರೆಯಲು ಹೊರಟರೆ ಪ್ರಶ್ನೆಗಳೇ ಕೈಗೆ ಸಿಗದೆ ಜಾರುತ್ತಿದ್ದವು. ಕೈ ತೊಳೆಯುವ ಮಾತು ನಾಲ್ಕು ಚೂರುಗಳಲ್ಲಿ ನಾಲ್ಕು ವೇಷ ಹಾಕಿ ಕುಳಿತಿತ್ತು. ಕನ್ನಡಕದ ವಿಷಯ ಮೂರು ಕಡೆ, ಮೂರರಲ್ಲೂ ಅರ್ಧರ್ಧ. ಒಂದು ಪ್ಯಾರಾದ ಮೊದಲ ಅರ್ಧ ಸ್ನಾನಕ್ಕೆ, ಉಳಿದರ್ಧ ನಿದ್ದೆಗೆ ಓಡುತ್ತಿತ್ತು. ತಾನು ಬರೆದದ್ದೆಂದು ನಂಬಲಾಗದಷ್ಟು ಕಲಸುಮೇಲೋಗರ. ಒಂದೊಂದು ಚೂರು ಬಿಡಿಯಾಗಿ ನೋಡಿದರೆ ಮುತ್ತು, ಒಟ್ಟಿಗೆ ನೋಡಿದರೆ ಹರಿದ ಸರ.

ಹನ್ನೊಂದನೇ ಚೂರು ಅವಳ ಜೀವ. ‘ಕಣ್ಣು ಒಂದು ಕೊಳ. ವಯಸ್ಸಿನ ಮುಂಜಾವದಲ್ಲಿ ಅದರ ಮೇಲೆ ಮಂಜು ಕವಿಯುತ್ತದೆ. ದಡದಲ್ಲಿ ನಿಂತವರ ಮುಖಗಳು ಮಸುಕಾಗುತ್ತವೆ. ಆಗ ಒಂದು ಕೈ ಬಂದು ಮಂಜಿನ ಪರದೆಯನ್ನು ಮೆಲ್ಲಗೆ ಸರಿಸುತ್ತದೆ.’ ಇದರ ಹಿಂದೆ ‘ಕಣ್ಣು ಎಂದರೇನು?’ ಎಂದು ಬರೆದಿದ್ದಳು.

“ಯಾರು ಕೇಳಿದ್ರು ಇದನ್ನ?” ಎಂದರು ದೊಡ್ಡ ಸಿಸ್ಟರ್.

“ಯಾರಾದ್ರೂ ಕೇಳಬಹುದು.”

“ಕಣ್ಣಿಗೆ ಪಟ್ಟಿ ಕಟ್ಕೊಂಡು ಆಟೋ ಹತ್ತಿದವನು ಕೇಳ್ತಾನಾ, ಕಣ್ಣು ಎಂದರೇನು ಅಂತ?”

“ಅದು ತುಂಬಾ ಚೆನ್ನಾಗಿ ಬಂದಿದೆ ಸಿಸ್ಟರ್.”

“ಬಂದಿದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಡಬ್ಬಿ.”

ಡಬ್ಬಿಗೆ ಹಾಕಿದಳು. ಸಿಸ್ಟರ್ ಕೈ ತೊಳೆಯಲು ಎದ್ದಾಗ ತೆಗೆದು ಅಂಗಿಯ ತೋಳಿನೊಳಗೆ ಸೇರಿಸಿಕೊಂಡಳು.

ಮೂರನೇ ಕರಡು ಅವಳ ಲೆಕ್ಕದಲ್ಲಿ ಗೆದ್ದ ಕರಡು. ಅಪಾಯದ ಲಕ್ಷಣಗಳನ್ನು ಎತ್ತಿ ಮೊದಲ ಪುಟದಲ್ಲಿಟ್ಟಳು. ಕೈ ತೊಳೆಯುವುದನ್ನು ಹನಿಯ ಮುಂದಕ್ಕೆ ತಂದಳು. ಆಸ್ಪತ್ರೆಯ ಇತಿಹಾಸ ಹಿಂಬದಿಗೆ ಹೋಯಿತು. ಕೊಳ ಮಾತ್ರ ‘ಸ್ನಾನ’ದ ಕೆಳಗೆ ನೀರಿನ ನೆಪದಲ್ಲಿ ನುಸುಳಿಕೊಂಡಿತು. ಚೂರುಗಳನ್ನು ಆ ಕ್ರಮದಲ್ಲಿ ಜೋಡಿಸಿ, ಜೆರಾಕ್ಸ್ ತೆಗೆಸಿ ಮೇಜಿನ ಮೇಲಿಟ್ಟಳು; ಚೂರುಗಳೆಲ್ಲ ಮತ್ತೆ ಡಬ್ಬಿ ಸೇರಿದವು. ಲಿಫ್ಟಣ್ಣ ಈ ಸಲ ಯಾರೂ ಹೇಳದೆಯೇ ಕೈ ತೊಳೆದು ಬಂದಿದ್ದ.

“ಕಣ್ಣು ನೋಯ್ತಿದೆ. ಏನು ಮಾಡ್ತೀಯ?” ಎಂದು ಕೇಳಿ ದೊಡ್ಡ ಸಿಸ್ಟರ್ ಕುಟ್ಟತೊಡಗಿದರು.

ಲಿಫ್ಟಣ್ಣ ಮೊದಲ ಪುಟ ತೆರೆದ. ಗುಂಗಿ ಏಟು ಎಣಿಸಿದಳು. ಎರಡೇ ಏಟು!

“‘ಮೇಲೆ ಹೇಳಿದ ಮಾಮೂಲಿ ನೋವಿಗಿಂತ ಹೆಚ್ಚಾದ ನೋವಿದ್ದರೆ ಕೂಡಲೇ ಬನ್ನಿ,’” ಎಂದು ಓದಿದ. ಹಾಳೆಯ ಮೇಲಂಚು ನೋಡಿದ. ತಲೆ ಎತ್ತಿ ಸೂರನ್ನೂ ನೋಡಿದ. “ಮೇಲೆ ಎಲ್ಲಿ ಹೇಳಿದ್ದೀರಿ? ಮೇಲೆ ಏನೂ ಇಲ್ವಲ್ಲ.”

ಮಾಮೂಲಿ ನೋವು ಯಾವುದೆಂಬ ಮಾತು ಒಂಬತ್ತನೇ ಪುಟದಲ್ಲೇ ಉಳಿದುಬಿಟ್ಟಿತ್ತು.

ಪೆನ್ಸಿಲು ಕುಟ್ಟುತ್ತಲೇ ಇತ್ತು. ಲಿಫ್ಟಣ್ಣ ಮುಂದೆ ಓದಿದ. “‘ಆ ಗಟ್ಟಿ ಮುಚ್ಚಳವನ್ನು ತೆಗೆಯಬೇಡಿ.’ ಯಾವ ಗಟ್ಟಿ ಮುಚ್ಚಳ? ಬಾಟಲೀದಾ? ಅದನ್ನ ತೆಗೀದೆ ಹನಿ ಹೆಂಗೆ ಹಾಕೋದು?”

“ಅಣ್ಣಾ, ಅದು ಕಣ್ಣಿನ ಮೇಲೆ ಹಾಕೋ ಪ್ಲಾಸ್ಟಿಕ್ ಮುಚ್ಚಳ!”

“ನೀನು ಹೇಳ್ತೀಯಮ್ಮ. ಪುಸ್ತಕ ಹೇಳಲ್ವಲ್ಲ. ಪುಸ್ತಕದ ಜೊತೆ ನೀನೂ ಮನೆಗೆ ಬರ್ತೀಯಾ?” ಪುಟ ಮಗುಚಿದ. “ಇಲ್ನೋಡಿ, ‘ಎರಡನೇ ಬಾಟಲಿಗೆ ಐದು ನಿಮಿಷ ಕಾಯಿರಿ.’ ಮೊದಲನೇ ಬಾಟಲಿ ಇನ್ನೂ ಬಂದೇ ಇಲ್ಲ. ಸ್ನಾನದ ಮನೇಲಿ ಕೊಳ ಬೇರೆ ಇದೆ!”

ಅವನು ಹೊಟ್ಟೆ ಹಿಡಿದು ನಕ್ಕ. ಕೆಟ್ಟ ಮನಸ್ಸಿನಿಂದಲ್ಲ, ಆದರೂ ನಕ್ಕ. ಗುಂಗಿಗೆ ಕೋಪ ನೆತ್ತಿಗೇರಿತು. ಒಂದನ್ನು ಜರುಗಿಸಿದರೆ ಹತ್ತು ಸಡಿಲವಾಗುವ ಈ ಕೆಲಸವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ! ಅತ್ತ ಇಟ್ಟರೆ ಇತ್ತ ಬೀಳುತ್ತದೆ, ಇತ್ತ ಎತ್ತಿದರೆ ಅತ್ತ ಮುರಿಯುತ್ತದೆ. ವಾಕ್ಯವಾದರೆ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಇದು ಕಣ್ಣಿಗೂ ಕಾಣದ, ಕೈಗೂ ಸಿಗದ ಯಾವುದೋ ಎಲುಬು.

“ನನಗೆ ಬರಲ್ಲ ಸಿಸ್ಟರ್,” ಎಂದಳು. “ನಾನು ಟೋಕನ್ ಕೌಂಟರಿಗೇ ಹೋಗ್ತೀನಿ. ಅಲ್ಲಿ ನಲವತ್ತೇಳಾದ್ಮೇಲೆ ನಲವತ್ತೆಂಟು. ಯಾವುದು ಮೊದಲು ಅಂತ ಯಾರೂ ತಲೆ ತಿನ್ನಲ್ಲ.”

“ಹೋಗು.” ದೊಡ್ಡ ಸಿಸ್ಟರ್ ತಲೆ ಎತ್ತಲಿಲ್ಲ. “ಸೋಮವಾರ ಹತ್ತು ಗಂಟೆಗೆ ಪ್ರೆಸ್ಸಿನವರು ಬರ್ತಾರೆ. ಇದು ಆಗದಿದ್ರೆ ಹಳೇದೇ ಅಚ್ಚಾಗುತ್ತೆ. ಹಳೇದರಲ್ಲಿ ಕೈ ತೊಳಿಯೋದು ಇಲ್ಲವೇ ಇಲ್ಲ. ಹೋಗ್ತಾ ಡಬ್ಬಿ ತಗೊಂಡು ಹೋಗು. ಇವತ್ತು ಶುಕ್ರವಾರ.”

ಹೋಗು ಎಂದವರು ಡಬ್ಬಿಯನ್ನೇಕೆ ಕೊಟ್ಟರೆಂದು ಯೋಚಿಸುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಸಿಟ್ಟಿನಲ್ಲೇ ಹೊತ್ತುಕೊಂಡು ಬಂದಳು.

ಶನಿವಾರ ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. ಭಾನುವಾರ ಮಧ್ಯಾಹ್ನ ನಡುಮನೆಯ ನೆಲದ ತುಂಬ ಚೂರುಗಳು. ಗೋಡೆಯಿಂದ ಗೋಡೆಗೆ, ಕುರ್ಚಿಯ ಕಾಲುಗಳ ನಡುವೆ, ಬಾಗಿಲ ಹೊಸ್ತಿಲವರೆಗೆ. ಒಗೆದ ಬಟ್ಟೆಯ ಬುಟ್ಟಿ ಹಿಡಿದ ಅಮ್ಮ ಒಂಟಿಕಾಲಲ್ಲಿ ನಿಂತಿದ್ದಳು.

“ಹೆಜ್ಜೆ ಎಲ್ಲಿಡ್ಲಿ ಹೇಳು. ಕಣ್ಣಿನ ಮೇಲಿಡ್ಲಾ, ಹನಿ ಮೇಲಿಡ್ಲಾ?”

“ಎಲ್ಲಾದ್ರೂ ಇಡಮ್ಮ! ಹೇಗಿದ್ರೂ ಎಲ್ಲಾ ಹಾಳಾಗಿದೆ.”

“ನನ್ನ ಮೇಲ್ಯಾಕೆ ಹರಿಹಾಯ್ತೀಯ? ನಿನ್ನ ಸಿಸ್ಟರ್ ಮೇಲೆ ಕೂಗು, ಧೈರ್ಯ ಇದ್ರೆ.” ಅಮ್ಮ ಗೋಡೆಗೆ ಅಂಟಿಕೊಂಡು ನಡೆದು ಹಿತ್ತಲಿಗೆ ಹೋದಳು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಜ್ಜಿ ಕೂತಿದ್ದಳು. ಮೂರು ವರ್ಷದ ಹಿಂದೆ ಅವಳ ಎಡಗಣ್ಣಿನ ಪೊರೆ ತೆಗೆದದ್ದೂ ಅದೇ ಆಸ್ಪತ್ರೆಯಲ್ಲಿ. ಹೊಸ ಕಣ್ಣಿನಿಂದ ಅವಳಿಗೆ ಮನೆಯ ಎಲ್ಲ ಧೂಳೂ ಕಾಣತೊಡಗಿ ಅಮ್ಮನ ಬಾಳು ದುಸ್ತರವಾಗಿತ್ತು.

“ಏನೇ ಗುಂಗಿ, ಮುಖ ಹಿಂಡಿದ ನಿಂಬೆಹಣ್ಣಿನ ಹಾಗಾಗಿದೆ?”

“ಎಲ್ಲಾ ನಿನ್ನಿಂದ ಅಜ್ಜಿ.” ಗುಂಗಿ ಕತ್ತರಿ ಕೆಳಗೆ ಹಾಕಿದಳು. “ನೀನು ಕಲಿಸಿದ್ದೇ ತಪ್ಪು. ಮೊದಲಿಂದ ಶುರು ಮಾಡಬೇಕು, ಗುಟ್ಟು ಕೊನೇಲಿ ಬಿಡಬೇಕು. ಹಾಗೇ ಮಾಡ್ದೆ. ಈಗ ನೋಡು.”

“ನಾನೆಲ್ಲೇ ಹಾಗೆ ಕಲಿಸಿದ್ದೆ?”

“ಎಲ್ಲಾ ಕತೇಲೂ! ಒಂದಾನೊಂದು ಕಾಲದಲ್ಲಿ ಅಂತ ಹೊರಟ್ರೆ ರಾಕ್ಷಸ ಸಾಯೋದು ಕಟ್ಟಕಡೇಲಿ. ಒಂದು ಸಲನಾದ್ರೂ ಮೊದ್ಲೇ ಸಾಯಿಸಿದ್ದೀಯಾ?”

ಅಜ್ಜಿ ಕುರ್ಚಿಯಲ್ಲೇ ಅವಳ ಕಡೆ ತಿರುಗಿದಳು.

“ನಿನಗಾಗ ಐದು ವರ್ಷ. ಕಿವಿನೋವು. ಮೂರು ದಿನ ಮನೆ ಸೂರು ಹಾರಿಹೋಗೋ ಹಾಗೆ ಅತ್ತೆ. ಕತೆ ಹೇಳು ಅಂತ ನೀನೇ ಕೇಳ್ದೆ. ಕಾಡಿನಲ್ಲಿ ದಾರಿ ತಪ್ಪಿದ ಹುಡುಗಿ ಕತೆ. ನಾನು ಶುರು ಮಾಡ್ದೆ, ನೀನು ಇನ್ನೂ ಜೋರಾಗಿ ಅತ್ತೆ. ‘ಅವಳು ಮನೆಗೆ ಬರ್ತಾಳಾ, ಬರ್ತಾಳಾ’ ಅಂತ. ಬರ್ತಾಳೆ ಕಣೇ, ಬೆಳಗಾಗೋದ್ರೊಳಗೆ ಬರ್ತಾಳೆ, ಅವರಮ್ಮ ಬಾಗಿಲಲ್ಲೇ ನಿಂತಿರ್ತಾಳೆ ಅಂತ ಮೊದಲು ಹೇಳ್ದೆ. ಆಮೇಲೆ ನೀನು ದಿಂಬಿಗೆ ತಲೆ ಇಟ್ಟೆ. ಆಮೇಲೆ ಕಾಡು, ಹುಲಿ, ಎಲ್ಲಾ ಕೇಳ್ದೆ.”

“ನನಗೆ ನೆನಪೇ ಇಲ್ಲ.”

“ನೋವಿದ್ದಾಗ ಕೇಳಿದ್ದು ಯಾರಿಗೆ ನೆನಪಿರುತ್ತೆ? ಆರಾಮಾಗಿದ್ದಾಗ ಕೇಳಿದ್ದೇ ನೆನಪು. ನೋಯ್ತಾ ಇರೋ ಮಗೂನ ಯಾರಾದ್ರೂ ಏಳು ಸಮುದ್ರ ದಾಟಿಸ್ತಾರೇನೇ?”

ಗುಂಗಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಉರಿ ಇನ್ನಷ್ಟು ಏರಿತು. ಇಷ್ಟು ವರ್ಷ ಹೇಳದೆ ಬಚ್ಚಿಟ್ಟುಕೊಂಡು ಈಗ ಹೇಳುತ್ತಾಳಲ್ಲ! “ಇದನ್ನ ಎರಡು ತಿಂಗಳ ಹಿಂದೆ ಹೇಳೋಕೇನಾಗಿತ್ತು?”

“ನೀನು ಕೇಳಿದ್ದೆಯಾ? ಕೊಳ, ಮಂಜು ಅಂತ ಓದಿ ತೋರಿಸಿದ್ದೆ. ನಾನು ಚೆನ್ನಾಗಿದೆ ಅಂದಿದ್ದೆ. ಚೆನ್ನಾಗಿತ್ತು.”

ಅಜ್ಜಿಯ ಮಾತಿಗೆ ಎದುರುತ್ತರ ಹುಡುಕುತ್ತಲೇ ಗುಂಗಿಗೆ ಬೇರೇನೋ ಹೊಳೆಯಿತು. ನೆಲದ ಮೇಲಿನ ಚೂರುಗಳನ್ನು ತುಳಿದುಕೊಂಡೇ ಅಜ್ಜಿಯ ಬಳಿಗೆ ಬಂದಳು.

“ಅಜ್ಜಿ, ಕಣ್ಣಿಗೆ ಪಟ್ಟಿ ಕಟ್ಟಿಸ್ಕೊಂಡು ಮನೆಗೆ ಬಂದ್ಯಲ್ಲ, ಆವತ್ತು. ಬಂದ ತಕ್ಷಣ ನೀನು ಏನು ಕೇಳ್ದೆ?”

“ಯಾವ ಮಗ್ಗುಲಿಗೆ ಮಲಗ್ಲಿ ಅಂತ ಕೇಳ್ದೆ. ನಿಮ್ಮಮ್ಮಂಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಆ ಪುಸ್ತಕ ತಿರುವಿ ತಿರುವಿ ಸಾಕಾಯ್ತು. ನಾನು ಬೆಳಗಿನ ತನಕ ಇದೇ ಕುರ್ಚೀಲಿ ಕೂತಿದ್ದೆ. ಮರೆತ್ಯಾ?”

ಗುಂಗಿ ಮಂಡಿಯೂರಿ ಎಪ್ಪತ್ತೊಂದು ಚೂರುಗಳನ್ನೂ ಒಂದೊಂದಾಗಿ ಎತ್ತಿ ನೋಡಿದಳು. ಮತ್ತೊಮ್ಮೆ ನೋಡಿದಳು. ಯಾವ ಮಗ್ಗುಲಿಗೆ ಮಲಗಬೇಕೆಂಬುದು ಎಲ್ಲೂ ಇರಲಿಲ್ಲ. ಆಸ್ಪತ್ರೆಗೆ ಅಡಿಗಲ್ಲು ಇಟ್ಟ ವರ್ಷವಿತ್ತು, ಪೊರೆಯ ನಾಲ್ಕು ಬಗೆಗಳಿದ್ದವು, ಕೊಳವಿತ್ತು, ಮಂಜಿತ್ತು. ಮನೆಗೆ ಬಂದ ಮುದುಕಿ ತಲೆ ಎಲ್ಲಿಡಬೇಕೆಂಬುದು ಮಾತ್ರ ಇರಲಿಲ್ಲ. ಇಷ್ಟು ದಿನ ಇದ್ದದ್ದನ್ನೇ ಅತ್ತಿತ್ತ ಜರುಗಿಸುತ್ತಿದ್ದಳಲ್ಲದೆ, ಇಲ್ಲದ್ದು ಯಾವುದೆಂದು ನೋಡಿರಲೇ ಇಲ್ಲ.

ಅಲ್ಲಿಂದ ಮುಂದಿನದು ಬರಿಯ ಗಾಣದ ದುಡಿಮೆ. ಅಜ್ಜಿಯನ್ನು ಮಾತಿನಲ್ಲೇ ಆವತ್ತಿನ ಬಾಗಿಲಿನಿಂದ ಒಳಗೆ ಕರೆದುಕೊಂಡು ಬಂದಳು. ಬಂದಳು, ಕೂತಳು, ಮೊದಲ ಭಯ ಏನು? ಕಣ್ಣು ಹೋಗಿಬಿಡುತ್ತದೋ ಎಂಬುದು. ಹಾಗಾದರೆ ಅದು ಮೊದಲ ಪುಟ: ಯಾವ ನೋವು ಮಾಮೂಲಿ, ಯಾವ ನೋವಿಗೆ ಓಡಿ ಬರಬೇಕು, ಎರಡೂ ಅಕ್ಕಪಕ್ಕ. ಆಮೇಲೆ? ಮಲಗುವುದು. ಆಮೇಲೆ ಹನಿ. ಹನಿಗೆ ಮೊದಲು ಕೈ. ಮರುದಿನ ಬೆಳಿಗ್ಗೆ? ಮುಖ ತೊಳೆಯಬಹುದೇ. ಮೂರನೇ ದಿನ? ಬಗ್ಗಿ ಚಪ್ಪಲಿ ತೆಗೆಯಬಹುದೇ. ಅಜ್ಜಿ ಒಂದೊಂದಕ್ಕೂ ನಾಲ್ಕು ಹಳೆಯ ದೂರು ಸೇರಿಸುತ್ತಿದ್ದಳು. ಮಗ್ಗುಲಿನ ಉತ್ತರ ಗುಂಗಿಗೂ ಗೊತ್ತಿರಲಿಲ್ಲ. ಡಾಕ್ಟರಿಗೆ ಫೋನು ಮಾಡಿದಳು. ಭಾನುವಾರ ಮಧ್ಯಾಹ್ನ ಇದಕ್ಕಾ ಎಂದು ಗೊಣಗಿ, “ಆಪರೇಷನ್ ಆಗದೇ ಇರೋ ಕಡೆ. ಮುಚ್ಚಳ ಹಾಕ್ಕೊಂಡೇ ಮಲಗಬೇಕು. ಅದನ್ನ ಬರೆದಿರಲಿಲ್ವಾ?” ಎಂದರು.

ಒಂದು ಚೂರು ಜಾಗ ಬದಲಿಸಿದಾಗಲೆಲ್ಲ ಅದರ ‘ಮೇಲೆ ಹೇಳಿದ’, ‘ಆಗಲೇ ನೋಡಿದ’, ‘ಆ’, ‘ಈ’ಗಳನ್ನು ಹೇನು ಹೆಕ್ಕಿದಂತೆ ಹೆಕ್ಕಿದಳು. ಕೈ ತೊಳೆಯುವ ನಾಲ್ಕು ಚೂರುಗಳಲ್ಲಿ ಮೂರು ಡಬ್ಬಿಗೆ ಹೋದವು. ಕೊಳವನ್ನು ಕೈಯಲ್ಲಿ ಹಿಡಿದು ಏಳು ಕಡೆ ಇಟ್ಟು ನೋಡಿದಳು. ಏಳು ಕಡೆಯೂ ಅದು ದಾರಿಗೆ ಅಡ್ಡ ಕೂತ ಎಮ್ಮೆಯಂತೆ ಕಂಡಿತು. ಎಷ್ಟು ಚೆನ್ನಾದ ಎಮ್ಮೆ! ಕಣ್ಣು ತುಂಬಿ ಬಂತು. ಯಾರೂ ಹೇಳದೆಯೇ, ತಾನೇ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ದೊಡ್ಡ ಸಿಸ್ಟರ್ ಹಾಕಿಸಿದ್ದಕ್ಕಿಂತ ಇದು ಹೆಚ್ಚು ಉರಿಯಿತು.

ಇಪ್ಪತ್ತೆರಡು ಪುಟ ಏಳಾಗಿತ್ತು.

ಸೋಮವಾರ ಒಂಬತ್ತೂವರೆ. ಲಿಫ್ಟಣ್ಣ ಮಂಚದ ಅಂಚಿನಲ್ಲಿ ಕೂತ. ದೊಡ್ಡ ಸಿಸ್ಟರ್ ಪೆನ್ಸಿಲು ಎತ್ತಿದರು.

“ಕಣ್ಣು ನೋಯ್ತಿದೆ.”

“ಒಂದನೇ ಪುಟ. ಸ್ವಲ್ಪ ಚುಚ್ಚಿದ ಹಾಗಾದ್ರೆ ಹೆದರಬೇಡ. ನೋವು ಜಾಸ್ತಿ ಆಗ್ತಾ ಹೋದ್ರೆ, ಕೆಂಪಾದ್ರೆ, ಮಂಜಾದ್ರೆ ಕೂಡ್ಲೇ ಬಾ.”

ಮೂರು ಏಟು.

“ನಿದ್ದೆ ಬರ್ತಿದೆ.”

“ಎರಡನೇದು. ಆಪರೇಷನ್ ಆಗದ ಕಡೆ ಮಲಕ್ಕೋ, ಕಣ್ಣಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಕ್ಕೊಂಡು. ಮುಚ್ಚಳದ ಚಿತ್ರ ಇಲ್ಲೇ ಇದೆ.”

ನಾಲ್ಕು.

“ಹನಿ ಹಾಕ್ಕೋ.”

ಲಿಫ್ಟಣ್ಣ ಮೂರನೇ ಪುಟ ನೋಡಿದ, ಎದ್ದ, ಮೂಲೆಯ ನಲ್ಲಿಯ ಬಳಿ ಹೋಗಿ ಸೋಪು ತೆಗೆದುಕೊಂಡ. ನೀರು ಬೀಳುವ ಸದ್ದಿನ ನಡುವೆ ದೊಡ್ಡ ಸಿಸ್ಟರ್ ಪೆನ್ಸಿಲನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದರು.

ಅವರು ಏನಾದರೂ ಹೇಳುತ್ತಾರೆಂದು ಗುಂಗಿ ಕಾದಳು. ಅವರು ಡ್ರಾಯರಿನ ಬೀಗ ತೆಗೆದು ಅವಳ ಪೆನ್ನು ಹೊರಗಿಟ್ಟರು. “ಟೋಕನ್ ಕೌಂಟರಿಗೆ ನಾಳೆಯಿಂದ ಬೇರೆಯವರು ಬರ್ತಾರೆ,” ಎಂದರು. ಅಷ್ಟೇ. ಪ್ರೆಸ್ಸಿನವನು ಬಂದ, ಹಾಳೆಗಳನ್ನು ಲಕೋಟೆಗೆ ಹಾಕಿಕೊಂಡ, ಲಿಫ್ಟಣ್ಣನ ಜೊತೆ ಹೊರಟ.

ಗುಂಗಿ ಉಳಿದ ಪ್ರತಿಯನ್ನು ಕೈಗೆತ್ತಿಕೊಂಡಳು. ಗೆದ್ದ ಖುಷಿ ಬರಬೇಕಿತ್ತು. ಹುಡುಕಿದಳು, ತನ್ನದು ಎನ್ನುವಂಥ ಒಂದು ಸಾಲಾದರೂ ಉಳಿದಿದೆಯೇ ಎಂದು. ಒಂದು, ಎರಡು, ಮೂರು, ನಾಲ್ಕು. ಐದನೇ ಪುಟದಲ್ಲಿ ಕಣ್ಣು ಎಡವಿತು. ‘ಮೇಲೆ ಹೇಳಿದ ಕಪ್ಪು ಕನ್ನಡಕ ಧರಿಸಿ ಹೊರಗೆ ಹೋಗಬಹುದು.’ ಕಪ್ಪು ಕನ್ನಡಕ ಈಗ ಆರನೇ ಪುಟದಲ್ಲಿತ್ತು.

“ಸಿಸ್ಟರ್! ಕನ್ನಡಕ ಕೆಳಗಿದೆ!”

ಲಿಫ್ಟು ಇಳಿದಾಗಿತ್ತು. ಅವಳು ಪೆನ್ನು ಎತ್ತಿಕೊಂಡು ಮೆಟ್ಟಿಲು ಹಿಡಿದಳು. ಮೂರು ಮಹಡಿ, ಒಂದೊಂದು ತಿರುವಿನಲ್ಲೂ ಯಾರಿಗಾದರೂ ಡಿಕ್ಕಿ. ಟೋಕನ್ ಕೌಂಟರಿನ ಮುಂದೆ ಪ್ರೆಸ್ಸಿನವನ ತೋಳು ಸಿಕ್ಕಿತು. ಲಕೋಟೆ ಬಿಚ್ಚಿಸಿ, ಐದನೇ ಪುಟವನ್ನು ಲಿಫ್ಟಣ್ಣನ ಬೆನ್ನಿನ ಮೇಲಿಟ್ಟು, ‘ಮೇಲೆ ಹೇಳಿದ’ ಎಂಬುದನ್ನು ಹೊಡೆದು ‘ಆಸ್ಪತ್ರೆಯಲ್ಲಿ ಕೊಟ್ಟ’ ಎಂದು ಬರೆದಳು.

“ಕಚಗುಳಿ ಆಗ್ತಿದೆ, ಬೇಗ,” ಎಂದ ಲಿಫ್ಟಣ್ಣ.

ಪ್ರೆಸ್ಸಿನವನು ಹೋದ. ಇಬ್ಬರೂ ಲಿಫ್ಟಿನೊಳಗೆ ಬಂದರು. ಗುಂಗಿಗೆ ಏದುಸಿರು. ಅವನು ಬಾಗಿಲು ಎಳೆದು ಮೂರರ ಗುಂಡಿ ಒತ್ತಿ, ಗೋಡೆಗೆ ಒರಗಿ ಅವಳ ಕಡೆ ನೋಡಿದ.

“ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬಾರ್ದು.”

“ಕೇಳಣ್ಣ.”

“ಅಲ್ಲಮ್ಮ, ಅದರಲ್ಲಿ ಏನಿದೆ? ನೋವಾದ್ರೆ ಬಾ, ಕೈ ತೊಳ್ಕೋ, ಆ ಕಡೆ ಮಲಕ್ಕೋ. ಎಲ್ಲಾ ನೆಟ್ಟಗೆ, ಕಣ್ಣಿಗೆ ಕಾಣೋ ಹಾಗೇ ಇದೆ. ಇಷ್ಟು ಬರಿಯೋಕೆ ಎರಡು ತಿಂಗಳು ಬೇಕಾಯ್ತಾ? ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು. ನನಗೆ ಹೇಳಿದ್ರೆ ಒಂದು ಮಧ್ಯಾಹ್ನದಲ್ಲಿ ಬರೆದುಕೊಡ್ತಿದ್ನಲ್ಲ.”

ಗುಂಗಿ ಪೆನ್ನನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಲಿಫ್ಟು ಎಂದಿನಂತೆ ಎರಡನೇ ಮಹಡಿಯಲ್ಲಿ ಒಮ್ಮೆ ಜಗ್ಗಿ ಮೇಲೇರಿತು. ಮೂರನೆಯದು ಬರುವವರೆಗೂ ಅವಳಿಗೆ ಅಳುವುದೋ ನಗುವುದೋ, ಯಾವುದು ಮೊದಲು ಎಂದೇ ತಿಳಿಯಲಿಲ್ಲ.